ಗುಡ್ಡದ ಮೇಲಿನ ನಗಾರಿ

"ಗುರುಗಳೇ, ಈ ಕಾರ್ಡು ಉಜ್ಜುವ ಯಂತ್ರವನ್ನು ಎಸೆದುಬಿಡಲೇ?" ಎಂದು ಶಿಷ್ಯ ಕೇಳಿದ.

ಮಠದ ಪುಸ್ತಕದ ಅಂಗಡಿ ನೋಡಿಕೊಳ್ಳುವವನು ಅವನೇ. ಯಂತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ.

"ಅದು ಏನು ತಪ್ಪು ಮಾಡಿತು?" ಎಂದರು ಗುರುಗಳು.

"ಪುಸ್ತಕ ಮಾರುವವನು ನಾನು, ಕೊಳ್ಳುವವರು ಭಕ್ತರು. ನೂರು ರೂಪಾಯಿಗೆ ಮಾರಿದರೆ ನಡುವೆ ಯಾರೋ ಮುಖ ಕಾಣದವನು ಎರಡು ರೂಪಾಯಿ ಮುರಿದುಕೊಳ್ಳುತ್ತಾನೆ. ಅವನು ಪುಸ್ತಕ ಬರೆದವನಲ್ಲ, ಹೊತ್ತವನಲ್ಲ, ಒಂದು ದಿನ ಅಂಗಡಿಯ ಕಸ ಗುಡಿಸಿದವನೂ ಅಲ್ಲ. ನನ್ನನ್ನು ನೋಡಿ. ಒಂದು ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಹಂಗೂ ಇಲ್ಲದೆ ಈ ಮಠಕ್ಕೆ ಬಂದವನು. ನನಗೇಕೆ ನಡುವಿನವನು?"

ಗುರುಗಳು ನಕ್ಕರು. "ಕುಳಿತುಕೋ. ಯಂತ್ರವನ್ನು ಮೆಲ್ಲಗೆ ಕೆಳಗಿಡು. ಎಸೆಯುವುದು ಕತೆ ಮುಗಿದ ಮೇಲೆ," ಎಂದು ಹೇಳತೊಡಗಿದರು.

ಒಂದು ಗುಡ್ಡ. ಅದರ ಮೂಡಲಿಗೆ ಒಂದು ಊರು, ಪಡುವಲಿಗೆ ಒಂದು ಊರು. ಎರಡೂ ಊರಿನಲ್ಲಿ ಬೆಳೆದ ರಾಗಿಯನ್ನು ಜನ ತಮ್ಮ ಊರ ಗೌಡನ ಕಣಜದಲ್ಲಿಡುತ್ತಿದ್ದರು. ಇಟ್ಟವನಿಗೆ ಗೌಡ ಒಂದು ಕಂಚಿನ ಬಿಲ್ಲೆ ಕೊಡುತ್ತಿದ್ದ. ಬಿಲ್ಲೆಯ ಮೇಲೆ ಊರಿನ ಗುರುತು, ಮನೆಯ ಗುರುತು.

ಮೂಡಲ ಊರಿನ ರೈತ ಪಡುವಲ ಊರಿನ ಅಂಗಡಿಗೆ ಹೋದರೆ ಮೂಟೆ ಹೊರಬೇಕಿರಲಿಲ್ಲ. ಬಿಲ್ಲೆ ತೋರಿಸಿದರೆ ಸಾಕು. ವ್ಯಾಪಾರಿ ಅದರ ಗುರುತು ನೋಡಿ ತನ್ನ ಗೌಡನಿಗೆ ಹೇಳಿಕಳಿಸುತ್ತಿದ್ದ. ಗೌಡ ಆ ಗುರುತನ್ನೂ ಬೆಲೆಯನ್ನೂ ಬಡಿತದ ಸನ್ನೆಯಲ್ಲಿ ತಿಳಿಸಿ ತನ್ನ ಮಾಳಿಗೆಯ ಡೋಲು ಬಾರಿಸುತ್ತಿದ್ದ. ಗುಡ್ಡದ ಮೇಲೆ ಒಬ್ಬ ನಗಾರಿಯವನಿದ್ದ. ಅವನು ಅದನ್ನು ಕೇಳಿ, ಆಚೆ ತಿರುಗಿ, ಮೂಡಲ ಗೌಡನಿಗೆ ಬಾರಿಸುತ್ತಿದ್ದ. ಆ ಗೌಡ ಕಣಜ ನೋಡಿ ಉತ್ತರ ಕಳಿಸುತ್ತಿದ್ದ. ಎರಡು ಬಡಿತವಾದರೆ 'ಕೊಡು', ಒಂದೇ ಆದರೆ 'ಬೇಡ'. ರೈತ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು.

ಅಷ್ಟಾದರೂ ರಾಗಿ ಕಣಜದಿಂದ ಅಲ್ಲಾಡಿರುತ್ತಿರಲಿಲ್ಲ. ಇಲ್ಲಿಯವರು ಅಲ್ಲಿ ಕೊಳ್ಳುತ್ತಿದ್ದರು, ಅಲ್ಲಿಯವರು ಇಲ್ಲಿ ಕೊಳ್ಳುತ್ತಿದ್ದರು. ಸಂಜೆ ನಗಾರಿಯವನು ಒಂದರಲ್ಲಿ ಒಂದನ್ನು ಕಳೆದು, ಯಾವ ಊರು ಯಾವ ಊರಿಗೆ ಎಷ್ಟು ಕೊಡಬೇಕೆಂದು ಸಾರುತ್ತಿದ್ದ. ಅಷ್ಟು ಮಾತ್ರ ಒಂದು ಗಾಡಿಯಲ್ಲಿ ಗುಡ್ಡ ಬಳಸಿ ಹೋಗುತ್ತಿತ್ತು. ವ್ಯಾಪಾರಿಗೆ ಬರಬೇಕಾದದ್ದು ಅವನ ಗೌಡನ ಕಣಜದಲ್ಲೇ ಅವನ ಪಾಲಿಗೆ ಸೇರುತ್ತಿತ್ತು.

ಇದಕ್ಕೆಲ್ಲ ವ್ಯಾಪಾರಿಯ ಪಾಲಿನಿಂದ ಕೊಳಗಕ್ಕೆ ಒಂದು ಹಿಡಿ ರಾಗಿ ಮುರಿಯುತ್ತಿದ್ದರು. ಆ ಹಿಡಿಯಲ್ಲಿ ಹೆಚ್ಚಿನ ಕಾಳು ಕೊಂಡವನ ಗೌಡನಿಗೆ. 'ಕೊಡು' ಎಂದ ಮೇಲೆ ರೈತ ಕೈಯೆತ್ತಿದರೆ ತುಂಬಿಕೊಡಬೇಕಾದವನು ಅವನೇ ತಾನೆ? ಉಳಿದದ್ದರಲ್ಲಿ ಸ್ವಲ್ಪ ವ್ಯಾಪಾರಿಯ ಗೌಡನಿಗೆ, ಸ್ವಲ್ಪ ನಗಾರಿಯವನಿಗೆ.

ಪಡುವಲ ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಮದುವೆಯಲ್ಲಿ ಹಣೆಗೆ ಕಟ್ಟುವ ಬಾಸಿಂಗ ಮಾಡಿ ಮಾರುತ್ತಿದ್ದ. ಅವನಂಥ ಕಸುಬುಗಾರ ಸುತ್ತಮುತ್ತ ಇರಲಿಲ್ಲ. ಅದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಒಂದು ದಿನ ಅವನ ಕಣ್ಣು ಆ ಹಿಡಿ ರಾಗಿಯ ಮೇಲೆ ಬಿತ್ತು.

"ನಗಾರಿ ಬಡಿಯುವುದು ಏನು ಮಹಾ ವಿದ್ಯೆ? ನನಗೂ ಎರಡು ಕೈಯಿವೆ," ಎಂದ. ಸಂತೆಯಿಂದ ಗುಡ್ಡದ್ದಕ್ಕಿಂತ ದೊಡ್ಡ ನಗಾರಿ ತಂದು ತನ್ನ ಮಾಳಿಗೆಯ ಮೇಲೆ ಕೂರಿಸಿದ. ಇನ್ನು ನನ್ನ ಹಿಡಿ ನನಗೇ ಎಂದು ಗೌಡನಿಗೂ ಹೇಳಿಬಂದ.

ಮರುದಿನವೇ ಮೂಡಲ ಊರಿನ ಒಬ್ಬ ರೈತ ಓಡಿಬಂದ. ಎದೆಯ ಮೇಲೆ ಬಿಲ್ಲೆ ಕುಣಿಯುತ್ತಿತ್ತು.

"ಅಣ್ಣಾ, ಮಗಳ ಬಾಸಿಂಗವನ್ನು ಆಡು ತಿಂದುಬಿಟ್ಟಿತು! ಮುಹೂರ್ತ ಹತ್ತಿರ ಬಂತು. ಒಂದು ಕೊಡು. ಈ ಬಿಲ್ಲೆ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ."

"ಆಡಿಗೂ ಗೊತ್ತಾಯಿತಲ್ಲ ನನ್ನ ಬಾಸಿಂಗದ ರುಚಿ! ಹೆದರಬೇಡ, ಈಗ ನೋಡು ನನ್ನ ಕೈ," ಎಂದು ವ್ಯಾಪಾರಿ ಮಾಳಿಗೆ ಹತ್ತಿ ನಗಾರಿ ಬಡಿದ. ಊರೇ ಅದುರಿತು.

ಅತ್ತ ಮೂಡಲ ಊರಿನಲ್ಲಿ ಗಂಡಿನ ದಿಬ್ಬಣಕ್ಕಾಗಿ ಕಾಯುತ್ತಿದ್ದರು. ದಿಬ್ಬಣ ಬರಬೇಕಾದದ್ದು ಪಡುವಲಿನಿಂದಲೇ. ಆ ದಿಕ್ಕಿನಿಂದ ಹೊಸ ನಗಾರಿ ಕೇಳಿತು. "ದಿಬ್ಬಣ ಬಂತು, ದಿಬ್ಬಣ ಬಂತು!" ಎಂದು ಎಲ್ಲರೂ ಎದ್ದರು. ಹೆಂಗಸರು ಆರತಿ ಹಚ್ಚಿಕೊಂಡು ಊರ ಬಾಗಿಲಿಗೆ ಓಡಿದರು. ವಾಲಗದವರು ಇದ್ದ ಉಸಿರೆಲ್ಲ ಹಾಕಿ ಊದಿದರು, ಬಡಿದರು. ಉತ್ತರ ಕೊಡಬೇಕಾದ ಗೌಡನೇ ಪೇಟ ಸರಿಮಾಡಿಕೊಂಡು ಕುಣಿಯತೊಡಗಿದ.

ಇತ್ತ ವ್ಯಾಪಾರಿ ಕಿವಿಗೊಟ್ಟ. ಒಂದು ಬಡಿತವಲ್ಲ, ಎರಡೂ ಅಲ್ಲ, ಆಲಿಕಲ್ಲು ಬಿದ್ದ ಹಾಗೆ ಬಡಿತ.

"ಇದೇನಿದು? ಕೊಡು ಅನ್ನುತ್ತಿದ್ದಾರೋ, ಬೇಡ ಅನ್ನುತ್ತಿದ್ದಾರೋ?"

"ಅಯ್ಯೋ ಪುಣ್ಯಾತ್ಮ, ಅದು ನಮ್ಮ ಮದುವೆ ಮನೆಯ ವಾಲಗ! ಬೀಗರು ಬಂದರು ಅಂದುಕೊಂಡಿದ್ದಾರೆ!"

ವ್ಯಾಪಾರಿ ಇನ್ನೂ ಜೋರಾಗಿ ಬಡಿದ. ಅವರು ಇನ್ನೂ ಜೋರಾಗಿ ಕುಣಿದರು. ರೈತ ತಲೆಯ ಮೇಲೆ ಕೈಯಿಟ್ಟು ಜಗಲಿಯ ಮೇಲೆ ಕುಸಿದ. ಬರಿಯ ಹಣೆಯಲ್ಲಿ ಕೂತ ಮಗಳು ಅವನ ಕಣ್ಣ ಮುಂದೆ ಬಂದಳು.

ವ್ಯಾಪಾರಿ ಒಮ್ಮೆ ತನ್ನ ನಗಾರಿಯನ್ನು ನೋಡಿದ, ಒಮ್ಮೆ ರೈತನ ಮುಖ ನೋಡಿದ. ಮುಖದ ಗುರುತಿಲ್ಲ. ಹಾಗೇ ಕೊಡಲು ಧೈರ್ಯವಿಲ್ಲ, ಬರಿಗೈಲಿ ಕಳಿಸಲು ಮನಸ್ಸಿಲ್ಲ. ಕೋಲು ಬಿಸಾಕಿ ತನ್ನ ಗೌಡನ ಮನೆಗೆ ಓಡಿದ.

ಗೌಡ ಬಿಲ್ಲೆಯ ಗುರುತು, ಬೆಲೆ ಎರಡನ್ನಷ್ಟೇ ಕೇಳಿದ. ಮೀಸೆಯಲ್ಲೇ ನಕ್ಕು ಡೋಲು ಬಾರಿಸಿದ. ಗುಡ್ಡದ ಮೇಲೆ ಆ ಹಳೆಯ, ಸಣ್ಣ ನಗಾರಿ ಸದ್ದು ಮಾಡಿತು.

ಮೂಡಲಿನ ವಾಲಗ ತಟ್ಟನೆ ನಿಂತಿತು. ಆ ಸದ್ದಿನ ಗುರುತು ಊರಿಗೆಲ್ಲ ಇತ್ತು. ಕುಣಿಯುತ್ತಿದ್ದ ಗೌಡ ಕುಣಿತದ ಕಾಲಲ್ಲೇ ಕಣಜಕ್ಕೆ ಓಡಿದ. ಉತ್ತರ ಬಂತು. ಧಣ್, ಧಣ್. ಕೊಡು.

ವ್ಯಾಪಾರಿ ಅಂಗಡಿಯಲ್ಲಿದ್ದ ಅತಿ ಚೆಂದದ ಬಾಸಿಂಗವನ್ನು ಆರಿಸಿದ. ಇದನ್ನು ನನ್ನ ಹಾಗೆ ಕಟ್ಟಲು ನಿಮ್ಮೂರಲ್ಲಿ ಯಾರಿಗೆ ಬರುತ್ತದೆ ಎಂದು ರೈತನ ಜೊತೆ ತಾನೂ ಓಡಿದ. ಊರ ಬಾಗಿಲಲ್ಲಿ ಹೆಂಗಸರು ಇನ್ನೂ ನಿಂತಿದ್ದರು. ಹಚ್ಚಿದ ಆರತಿ ಸುಮ್ಮನೆ ಆರುವುದು ಬೇಡವೆಂದು ವ್ಯಾಪಾರಿಗೇ ಬೆಳಗಿದರು. ಅವನು ಮದುಮಗನಿಗಿಂತ ಹೆಚ್ಚು ನಾಚಿದ. ಅಷ್ಟರಲ್ಲಿ ನಿಜವಾದ ದಿಬ್ಬಣವೂ ಬಂತು, ಮುಹೂರ್ತ ಮೀರಲಿಲ್ಲ. ಹುಡುಗಿಯ ಹಣೆಯಲ್ಲಿ ಬಾಸಿಂಗ ಹೊಳೆಯಿತು.

ಮದುವೆಯೂಟ ಮುಗಿಸಿ ಬರುವಾಗ ವ್ಯಾಪಾರಿ ತಾನೇ ಗುಡ್ಡ ಹತ್ತಿ ಒಂದು ಹಿಡಿ ರಾಗಿ ಕೊಟ್ಟ. ಅವನ ದೊಡ್ಡ ನಗಾರಿ ಅಂದಿನಿಂದ ಮದುವೆ ಮನೆಗಳಿಗೆ ಹೋಗತೊಡಗಿತು. ಜನರನ್ನು ಕುಣಿಸುವುದರಲ್ಲಿ ಅದನ್ನು ಮೀರಿಸುವ ನಗಾರಿ ಆ ಸೀಮೆಯಲ್ಲೇ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಬಿದ್ದು ಬಿದ್ದು ನಕ್ಕ. ಆಮೇಲೆ ಎದೆ ಸೆಟೆಸಿದ. "ಗೊತ್ತಾಯಿತು ಬಿಡಿ. ಕಣಜವೆಂದರೆ ಬ್ಯಾಂಕು, ಬಿಲ್ಲೆಯೆಂದರೆ ಕಾರ್ಡು, ಗುಡ್ಡದ ನಗಾರಿಯೆಂದರೆ ಎರಡು ಬ್ಯಾಂಕಿನ ನಡುವಿನ ಜಾಲ. ಯಂತ್ರ ಇರಲಿ, ಅಂಗಡಿಗೆ ಬೇಕು. ಆದರೆ ನನ್ನ ಮಾತು ಬೇರೆ. ನಾನು ಈ ಮಠಕ್ಕೆ ಬಂದಾಗ ನನಗಾಗಿ ಯಾವ ನಗಾರಿಯೂ ಬಾರಿಸಲಿಲ್ಲ."

ಗುರುಗಳು ಯಂತ್ರವನ್ನು ಎತ್ತಿ ಅವನ ಕೈಗಿಟ್ಟರು. ಅವರು ಆಡಿದ್ದು ಒಂದೇ ಮಾತು.

"ನೀನು ಬಂದಿಳಿದ ದಿನ, 'ಆ ಹುಡುಗನನ್ನು ಒಳಗೆ ಕರೆದುಕೊಳ್ಳಿ, ನಮ್ಮವನೇ' ಎಂದು ನಿಮ್ಮೂರ ಬಸ್ಸಿನ ಕಂಡಕ್ಟರ್ ನನಗೆ ಫೋನ್ ಮಾಡಿದ್ದನಲ್ಲ, ಅವನಿಗೆ ಎಷ್ಟು ಹಿಡಿ ಕೊಟ್ಟೆ?"