ಅಳದವ್ವನ ದಿಬ್ಬ

ನೆಲಗಲ್ಲಿನ ಕೋಟೆ ನೋಡಲು ಬರುವವರು ಮೊದಲು ಕೇಳುವುದು ಮೆಟ್ಟಿಲು ಎಲ್ಲಿದೆ ಎಂದು. ಬಡಗಣ ಬಾಗಿಲಿನ ಪಕ್ಕದಲ್ಲಿದೆ. ಹತ್ತಿ ಹೋದರೆ ಕುಸಿದ ಬುರುಜು, ಹುಲ್ಲು ಬೆಳೆದ ಕಣಜ, ಪಾಚಿ ಕಟ್ಟಿದ ಹೊಂಡ, ಗೋಡೆಯ ತುಂಬ ಕಾಲೇಜು ಹುಡುಗರು ಕೆತ್ತಿದ ಹೆಸರುಗಳು. ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಬಾಗಿಲಿನಿಂದ ಒಂದು ಕೂಗಳತೆ ದೂರದಲ್ಲಿ, ಜಾಲಿ ಪೊದೆಗಳ ನಡುವೆ, ಅಳದವ್ವನ ದಿಬ್ಬ ಎಂಬ ಒಂದು ಬೋಳು ದಿಬ್ಬವಿದೆ. ಅದರ ಕಡೆ ತಿರುಗಿ ನೋಡುವವರು ಕಡಿಮೆ. ಅಳದವ್ವ ಎಂದರೆ ವೈರಿಗಳ ಮುಂದೆ ಕಣ್ಣೀರು ಹಾಕದ ವೀರರಾಣಿ ಇರಬೇಕು ಎಂದು ಮೊನ್ನೆ ಒಬ್ಬ ಮೇಷ್ಟ್ರು ಮಕ್ಕಳಿಗೆ ಹೇಳುತ್ತಿದ್ದರು. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ರಾಣಿಯಂತೆ! ಆಕೆ ನಗಾರಿ ಬಾರಿಸುವವನ ಹೆಂಡತಿ. ಗೊತ್ತಿಲ್ಲದಿದ್ದರೆ ಕೇಳಬೇಕಪ್ಪ, ನಾನಿನ್ನೂ ಬದುಕಿದ್ದೇನೆ. ನಮ್ಮಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳುತ್ತೇನೆ, ಬಣ್ಣ ಹಚ್ಚುವ ಅಭ್ಯಾಸ ನನಗಿಲ್ಲ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ತೆಂಕಣ ದಿಕ್ಕಿನಿಂದ ದೊಡ್ಡ ದಂಡೊಂದು ಬಂದು ಕೋಟೆಗೆ ಮುತ್ತಿಗೆ ಹಾಕಿತು. ಸುತ್ತಲಿನ ಹಳ್ಳಿಯವರು ಹೊಲಮನೆ ಬಿಟ್ಟು, ಮಕ್ಕಳುಮರಿಗಳನ್ನು ಎತ್ತಿಕೊಂಡು ಒಳಗೆ ಸೇರಿಕೊಂಡರು. ದಂಡಿನವರು ಹೋದ ಕಡೆಯಲ್ಲೆಲ್ಲ ಕೂಸುಗಳನ್ನೂ ಬಿಟ್ಟಿರಲಿಲ್ಲ. ಕೋಟೆ ಬಿದ್ದರೆ ತಮ್ಮ ಗತಿಯೂ ಅದೇ ಎಂದು ಒಳಗಿನವರಿಗೆಲ್ಲ ಗೊತ್ತಿತ್ತು. ಇದ್ದ ಆಸೆ ಒಂದೇ. ಕೋಟೆಯ ಒಡೆಯನಾದ ನಾಯಕನ ಭಾವಮೈದುನ ಹೊರಗಿದ್ದ. ಅವನು ನೆರೆಸೀಮೆಯಿಂದ ಜನ ಕೂಡಿಸಿಕೊಂಡು ಬಂದು ವೈರಿಗಳ ಮೇಲೆ ಹಿಂದಿನಿಂದ ಬೀಳಬೇಕು ಎಂದು ಮಾತಾಗಿತ್ತು. ಆದರೆ ಕೋಟೆ ಇನ್ನೂ ನಮ್ಮ ಕೈಯಲ್ಲಿದೆ ಎಂದು ಅವನಿಗೆ ತಿಳಿಯುವುದು ಹೇಗೆ? ಅದಕ್ಕೆ ಕೋಟೆಯಮ್ಮನ ನಗಾರಿ ಇತ್ತು. ಹೊತ್ತು ಮುಳುಗುವಾಗ ಮೇಲಿನ ಬುರುಜಿನಲ್ಲಿ ಅದನ್ನು ಬಾರಿಸುವುದು ತಲೆಮಾರುಗಳಿಂದ ಬಂದ ಪದ್ಧತಿ. ಅದರ ಸದ್ದು ಆಚೆ ಗುಡ್ಡಗಳವರೆಗೆ ಹೋಗುತ್ತಿತ್ತು. ನಗಾರಿ ಕೇಳುವವರೆಗೆ ಕೋಟೆ ನಿಂತಿದೆ ಎಂದು ತಿಳಿಯಬೇಕು, ಒಂದು ಸಂಜೆ ಕೇಳದಿದ್ದರೂ ಬಿತ್ತೆಂದು ತಿಳಿದು ಹಿಂದಿರುಗಬೇಕು ಎಂಬುದು ಅವರಿಬ್ಬರ ನಡುವಿನ ನಿಶ್ಚಯ.

ನಗಾರಿ ದೇವಿಯದು, ಬಾರಿಸುವ ಹಕ್ಕು ಒಂದೇ ಮನೆತನದ್ದು. ಆಗ ಅದು ಗಾದೆಪ್ಪನೆಂಬುವನ ಕೈಯಲ್ಲಿತ್ತು. ಅವನು ಭಕ್ತನೆಂದರೆ ಭಕ್ತ, ಮಿಂದು ಮಡಿಯುಡದೆ ನಗಾರಿಯ ಕೋಲನ್ನು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಸಾವಾಗಿ ಸೂತಕ ಬಂದರೆ ಅವನಾಗಲಿ ದಾಯಾದಿಗಳಾಗಲಿ ನಗಾರಿಯ ಹತ್ತಿರ ಸುಳಿಯುವಂತಿರಲಿಲ್ಲ. ಆಗ ಬೀಗರ ಊರಿನಿಂದ ಜನ ಬಂದು ಬಾರಿಸಬೇಕು, ಬೇರೆ ಯಾರಾದರೂ ಕೈಯಿಟ್ಟರೆ ದೇವಿ ಕೋಟೆ ಬಿಟ್ಟು ಇಳಿದು ಹೋಗುತ್ತಾಳೆ ಎಂಬ ನಂಬಿಕೆ. ಈಗ ಬೀಗರು ಮುತ್ತಿಗೆಯ ಆಚೆ ಉಳಿದುಬಿಟ್ಟಿದ್ದರು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಸಾವಿನ ಸೂತಕ ಹತ್ತುವುದು ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ದೂರದೂರಿನಲ್ಲಿ ಅಣ್ಣ ಸತ್ತಿದ್ದರೂ ಸುದ್ದಿ ಬರುವವರೆಗೆ ತಮ್ಮ ಹಬ್ಬ ಮಾಡಿ ಉಣ್ಣುತ್ತಾನೆ, ಅದು ದೋಷವಲ್ಲ.

ಗಾದೆಪ್ಪನ ಹೆಂಡತಿ ಸುಂಕವ್ವ. ಅವಳ ಹೊಟ್ಟೆಯಲ್ಲಿ ಹುಟ್ಟಿದ ಕೂಸುಗಳು ಉಳಿಯುತ್ತಿರಲಿಲ್ಲ. ಉಳಿದವಳು ಒಬ್ಬಳೇ, ಸಾವಿನ ಕಣ್ಣು ಬೀಳದಿರಲಿ ಎಂದು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪವ್ವ ಎಂದು ಹೆಸರಿಟ್ಟಿದ್ದರು. ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದ ಮಗು. ಹೊಂಡದ ನೀರು ಕೆಟ್ಟು ಕೋಟೆಯೊಳಗೆ ವಾಂತಿಭೇದಿ ಹಬ್ಬಿತು, ತಿಪ್ಪವ್ವನೂ ಮಲಗಿದಳು. ಒಂದು ಮಧ್ಯಾಹ್ನ, ಗಾದೆಪ್ಪ ಗೋಡೆಯ ಮೇಲೆ ಕಲ್ಲು ಹೊರುವವರ ಜೊತೆಗಿದ್ದಾಗ, ತಾಯಿಯ ತೊಡೆಯ ಮೇಲೆ ಅದರ ಉಸಿರು ನಿಂತಿತು.

ಸುಂಕವ್ವ ಬಾಯಿ ತೆರೆದಳು. ತೆರೆದ ಬಾಯಿಗೆ ತಾನೇ ಸೆರಗು ತುರುಕಿಕೊಂಡಳು ಎನ್ನುತ್ತಾರೆ. ಅತ್ತರೆ ನೆರೆಯವರು ಬರುತ್ತಾರೆ, ಬಂದರೆ ಸೂತಕ, ಸೂತಕವಾದರೆ ಆ ಸಂಜೆ ನಗಾರಿಯಿಲ್ಲ. ಗೋಡೆಯಾಚೆ ನೆರೆಮನೆಯವಳು ತನ್ನ ಅವಳಿಗಳನ್ನು ತೂಗುತ್ತಿದ್ದ ಸದ್ದು ಕೇಳುತ್ತಿತ್ತು. ಸುಂಕವ್ವ ಕೂಸನ್ನು ಒರೆಸಿ, ತೊಟ್ಟಿಲಿಗೆ ಹಾಕಿ, ಕೌದಿ ಹೊದಿಸಿ ತೂಗುತ್ತ ಕುಳಿತಳು. ಇಳಿಹೊತ್ತಿಗೆ ಗಾದೆಪ್ಪ ಮೀಯಲು ಬಂದ. ಕೂಸು ಹೇಗಿದೆ ಎಂದು ತೊಟ್ಟಿಲ ಕಡೆ ಬಗ್ಗಿದ. ಸುಂಕವ್ವ ಅಡ್ಡ ನಿಂತಳು.

"ಈಗ ಮಲಗ್ಯಾಳ, ಎಬ್ಬಿಸಬ್ಯಾಡ್ರಿ. ಹೋಗಿ ನಗಾರಿ ಹೊಡದು ಬರ್ರಿ."

ಅವನು ಹೋದ. ಬುರುಜಿನಲ್ಲಿ ನಗಾರಿ ಮೊದಲಾಯಿತು. ಆ ಸದ್ದಿನ ಮರೆಯಲ್ಲಿ, ಯಾರಿಗೂ ಕೇಳಿಸದಂತೆ, ಅವಳು ಬೀಸುವ ಕಲ್ಲನ್ನು ಸರಿಸಿ ಹಾರೆಯಿಂದ ನೆಲ ಅಗೆದಳು. ಮೇಲೆ ಅಪ್ಪ ಬಾರಿಸುತ್ತಿದ್ದಾನೆ, ಕೆಳಗೆ ಅವ್ವ ಮಣ್ಣು ಎಳೆಯುತ್ತಿದ್ದಾಳೆ. ನಗಾರಿ ನಿಲ್ಲುವ ಹೊತ್ತಿಗೆ ಕಲ್ಲು ಮತ್ತೆ ತನ್ನ ಜಾಗದಲ್ಲಿತ್ತು. ಬಂದವನಿಗೆ, ನಾಯಕನ ಅರಮನೆಯಲ್ಲಿ ಬೇನೆಬಿದ್ದ ಕೂಸುಗಳಿಗೆ ಒಳ್ಳೆಯ ನೀರು ಕೊಟ್ಟು ನೋಡಿಕೊಳ್ಳುತ್ತಿದ್ದಾರೆ, ದಾದಿಯ ಕೈಗೆ ಕೊಟ್ಟು ಬಂದೆ ಎಂದಳು. ಒಳಮನೆಗೆ ಗಂಡಸರು ಹೋಗುವಂತಿರಲಿಲ್ಲ. ಅವನು ನಂಬಿದ, ದೇವಿ ದೊಡ್ಡವಳು ಎಂದು ಕೈಮುಗಿದ. ಆಮೇಲೆ ಹಲವು ಸಂಜೆ ಅವನು ಕೇಳುವುದು, ಇವಳು ಗುಣವಾಗುತ್ತಿದೆಯಂತೆ ಎನ್ನುವುದು, ಅವನು ಹುರುಪಿನಿಂದ ಬುರುಜು ಹತ್ತುವುದು ನಡೆಯಿತು. ಅದೇ ಕಲ್ಲಿನಲ್ಲಿ ಅವಳು ಜೋಳ ಬೀಸಿ ಅವನಿಗೆ ರೊಟ್ಟಿ ಹಾಕುತ್ತಿದ್ದಳು.

ಕಡೆಗೆ ಭಾವಮೈದುನನ ಜನ ಬಂದು ಬಿದ್ದರು. ವೈರಿಗಳು ಡೇರೆ, ಪಾತ್ರೆಪಡಗ ಎಲ್ಲ ಬಿಟ್ಟು ಓಡಿದರು. ಕೋಟೆಯ ಬಾಗಿಲು ತೆರೆದ ಬೆಳಗ್ಗೆ ಗಾದೆಪ್ಪ ನಗುತ್ತ ಬಂದು, ನಡಿ, ಮಗಳನ್ನು ಕರೆದುಕೊಂಡು ಬರೋಣ ಎಂದ. ಸುಂಕವ್ವ ಬೀಸುವ ಕಲ್ಲನ್ನು ತೋರಿಸಿದಳು.

ವಿಷಯ ದೈವದವರ ಮುಂದೆ ಹೋಯಿತು. ದೈವದವರೆಂದರೆ ಊರ ಹಿರಿಯರು. ಅಮ್ಮನ ಗುಡಿಯಲ್ಲಿ ಗೆಲುವಿನ ಪೂಜೆಗೆ ಹೂ ಕಟ್ಟುತ್ತಿದ್ದರು. ಸಾವಿನ ಮನೆಯ ಅನ್ನ ಉಂಡವನು ದೇವಿಯ ನಗಾರಿ ಮುಟ್ಟಿದ, ಅರಿಯದ ಅವನಿಗೆ ದೋಷವಿಲ್ಲ, ಅರಿತೂ ಕಳಿಸಿದವಳಿಗೆ ಇದೆ ಎಂದು ಅವರು ತೀರ್ಮಾನಿಸಿದರು. ಗಾದೆಪ್ಪ ಹೆಂಡತಿಯ ಮುಖ ನೋಡಲಿಲ್ಲ.

"ನನಗೊಂದು ಮಾತು ಹೇಳಿದ್ದರ ನಾನು ನಗಾರಿ ಮುಟ್ಟತಿರಲಿಲ್ಲ" ಎಂದ.

"ಅದಕ್ಕ ಹೇಳಲಿಲ್ಲ" ಎಂದಳು. ಆಮೇಲೆ ಹಿರಿಯರ ಕಡೆ ತಿರುಗಿ ಕೇಳಿದಳು: "ಈಗರ ಅಳಲೇನ್ರಿ?"

ಪೂಜೆಯ ದಿನ ಕೋಟೆಯೊಳಗೆ ಅಳುವಿನ ದನಿ ಏಳಬಾರದು, ಅಳುವುದಿದ್ದರೆ ಬಾಗಿಲಾಚೆ ಹೋಗಲಿ, ಮತ್ತೆ ಒಳಗೆ ಬರುವುದು ಬೇಡ ಎಂದರು. ನಾಯಕ ಅಲ್ಲೇ ಕುಳಿತಿದ್ದ. ಅವನ ಮಕ್ಕಳು ಬದುಕಿ ಅಂಗಳದಲ್ಲಿ ಆಡುತ್ತಿದ್ದುದು ಈ ಹೆಣ್ಣಿನಿಂದ. ಅವನ ನಾಲಿಗೆ ಬಿದ್ದುಹೋಗಿತ್ತೇ? ತಲೆ ತಗ್ಗಿಸಿಕೊಂಡು ಕುಳಿತನಂತೆ, ದೊಡ್ಡ ಮನುಷ್ಯ. ಆ ವಂಶವನ್ನು ಹೊಗಳುವ ಹಾಡುಗಳು ನಮ್ಮಲ್ಲಿ ಬೇಕಾದಷ್ಟಿವೆ, ನಾನು ಒಂದನ್ನೂ ಹಾಡುವುದಿಲ್ಲ.

ಸುಂಕವ್ವ ಇಳಿದು ಬಂದು ಈ ದಿಬ್ಬದ ಮೇಲೆ ಕುಳಿತಳು. ಅಳಲು ಬಾಯಿ ತೆರೆದಳು, ದನಿ ಬರಲಿಲ್ಲ. ಕಣ್ಣಿನಲ್ಲಿ ನೀರೂ ಬರಲಿಲ್ಲ. ಅವಳಿಗಳ ತಾಯಿ ಕದ್ದು ಗಂಜಿ ತಂದಿಟ್ಟರೆ ಅದು ಇಟ್ಟಲ್ಲೇ ಹಳಸಿತು. ಬಾಯಿ ತೆರೆದುಕೊಂಡೇ ಅವಳು ಸತ್ತಳು ಎನ್ನುತ್ತಾರೆ. ಸೂತಕ ಕಳೆದ ಮೇಲೆ ಗಾದೆಪ್ಪ ಮತ್ತೆ ನಗಾರಿ ಬಾರಿಸಿದ. ಬದುಕಿರುವವರೆಗೂ ದಿಬ್ಬಕ್ಕೆ ಬೆನ್ನು ಹಾಕಿಯೇ ಬಾರಿಸಿದ. ದಿಬ್ಬದ ಮೇಲೆ ಅವಳ ನೆನಪಿಗೆ ಕಲ್ಲು ನಿಲ್ಲಿಸಿದವರು ಕೋಟೆಯ ಹೆಂಗಸರು.

ಆ ಕಲ್ಲು ಈಗಲೂ ಇದೆ. ಅದಕ್ಕೆ ಮುಖ ಕೆತ್ತಿಲ್ಲ. ಪೂಜಾರಿಯಿಲ್ಲ, ಕಾಯಿ ಒಡೆಯುವುದಿಲ್ಲ. ಇಲ್ಲಿಗೆ ಜನ ಬರುವುದು ಅಳುವುದಕ್ಕೆ. ಮನೆಯಲ್ಲಿ ಅಳಲು ಎಡೆಯಿಲ್ಲದವರು ಬಂದು ಕಲ್ಲನ್ನು ತಬ್ಬಿ ಅತ್ತು ಹೋಗುತ್ತಾರೆ. ಅಳುವವರ ಹತ್ತಿರ ಹೋಗಬಾರದು, ಯಾಕೆಂದು ಕೇಳಬಾರದು, ಸುಮ್ಮನಿರು ಎನ್ನಬಾರದು, ನೇಮ ಅಷ್ಟೇ. ಹೋದ ಬೇಸಿಗೆಯಲ್ಲಿ ಕೋಟೆ ನೋಡಲು ಬಂದಿದ್ದ ಒಬ್ಬ ಹೆಣ್ಣುಮಗಳು ಹೆಸರಿನ ಕಾರಣ ಕೇಳಿದಳು, ಹೇಳಿದೆ. ಗಂಡ ಕಾರಿನಲ್ಲಿ ಕುಳಿತು ಹಾರನ್ ಹೊಡೆಯುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳದೆ ದಿಬ್ಬ ಹತ್ತಿದಳು. ಅವಳು ಅತ್ತ ಅಳು ಕೋಟೆ ಬಾಗಿಲಲ್ಲಿ ಕುಳಿತಿದ್ದ ನನ್ನವರೆಗೂ ಕೇಳಿಸಿತು. ಗಂಡ ಗಾಬರಿಯಿಂದ ಇಳಿದು ಓಡಿಬಂದ. ನೇಮ ಹೇಳಿ ಪಕ್ಕದಲ್ಲಿ ಕೂರಿಸಿಕೊಂಡೆ. ಸ್ವಲ್ಪ ಹೊತ್ತು ಕೇಳುತ್ತ ಕುಳಿತಿದ್ದ. ಆಮೇಲೆ ಬೂಟು ಬಿಚ್ಚಿಟ್ಟು ತಾನೂ ದಿಬ್ಬದ ಕಡೆ ನಡೆದ. ನಾನು ಯಾಕೆಂದು ಕೇಳಲಿಲ್ಲ.