ಟವೆಲಿನ ಕೆಳಗಿನ ಕೈ

“ಭಂತೇ, ಈ ಮಳೆಗಾಲ ಮುಗಿಯುವುದರೊಳಗೆ ಮನಸ್ಸನ್ನು ನಿಲ್ಲಿಸಲು ಕಲಿಯುತ್ತೇನೆಂದು ನಿಮಗೆ ಮಾತು ಕೊಟ್ಟೆ. ಆದರೆ ಕಣ್ಣು ಮುಚ್ಚಿದರೆ ಫೋನಿನಲ್ಲಿರುವ ನಮ್ಮ ಧಮ್ಮದ ಗುಂಪೇ ಕಾಣುತ್ತದೆ. ಅಲ್ಲಿ ಒಬ್ಬ ಸಮ್ಯಕ್ ವಾಕ್ಕಿನ ಬಗ್ಗೆ ಬರೀ ತಪ್ಪು ಬರೆಯುತ್ತಾನೆ. ತಪ್ಪು ಹೇಳುವವರನ್ನು ಹಾಗೇ ಬಿಡಬೇಕೇ?” ಎಂದು ಶಿಷ್ಯ ತನ್ನ ಬೌದ್ಧ ಗುರುಗಳನ್ನು ಕೇಳಿದ.

“ಒಳ್ಳೆಯ ಮಾತಿನ ಬಗ್ಗೆ ಜಗಳವೋ?” ಗುರುಗಳು ನಕ್ಕರು. “ಗೆದ್ದೆಯಾ?”

“ಗೆದ್ದೆ ಭಂತೇ. ಅವನು ಗುಂಪನ್ನೇ ಬಿಟ್ಟು ಹೋದ.”

“ಹಾಗಾದರೆ ಒಂದು ವ್ಯಾಪಾರದ ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಎಣ್ಣೆ ವ್ಯಾಪಾರಿಯಿದ್ದ. ಅವನ ಗಾಣದ ಎತ್ತು ಸತ್ತಿತು. ಮರುದಿನ ಮದುವೆ ಮನೆಗೆ ಎಣ್ಣೆ ಕೊಡುವುದಾಗಿ ಒಪ್ಪಿಕೊಂಡಿದ್ದ. ಹೊಸ ಹಗ್ಗ ಹೆಗಲಿಗೆ ಹಾಕಿಕೊಂಡು ದನದ ಸಂತೆಗೆ ಹೋದ. ಎತ್ತು ಮಾರಿದವನು ತನ್ನ ಹಗ್ಗ ಬಿಚ್ಚಿಕೊಳ್ಳುತ್ತಾನೆ. ಕೊಂಡವನೇ ಹಗ್ಗ ತರಬೇಕು.

ಆ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರು ನಡುವೆ ಬಾಯಿ ಹಾಕಬಾರದೆಂದು ಈ ಏರ್ಪಾಟು. ಬಾಯಿ ಹಾಕುವವರು ಯಾರೂ ಹಗ್ಗ ತಂದಿರುವುದಿಲ್ಲ.

ವ್ಯಾಪಾರಿಗೆ ಒಂದು ಎತ್ತು ಹಿಡಿಸಿತು. ಟವೆಲಿನ ಕೆಳಗೆ ರೈತನ ಕೈ ಹಿಡಿದ. ಇನ್ನೊಂದು ಬೆರಳು ಒತ್ತಿದ್ದರೆ ವ್ಯಾಪಾರ ಮುಗಿಯುತ್ತಿತ್ತು. ಅಷ್ಟರಲ್ಲಿ ಗುಂಪಿನಿಂದ ಒಬ್ಬ ಕೂಗಿದ:

“ಏ ಸಾವ್ಕಾರ, ಕೊಂಬು ನೋಡದೆ ಎತ್ತು ಕೊಳ್ಳುತ್ತೀಯಲ್ಲ! ನಿನಗೆ ಹಿಂಡಿಯ ರುಚಿ ಗೊತ್ತು, ಎತ್ತಿನ ವಿಷಯ ಏನು ಗೊತ್ತು?”

ಜನ ನಕ್ಕರು. ವ್ಯಾಪಾರಿ ಕೈ ಹೊರಗೆಳೆದುಕೊಂಡ.

“ಗಾಣಕ್ಕೆ ಕೊಂಬು ಯಾಕಯ್ಯಾ? ಎಣ್ಣೆಯನ್ನು ತಿವಿದು ತೆಗೆಯುತ್ತಾರೇನು? ಗೊರಸು ನೋಡಬೇಕು, ಗೊರಸು!”

ರೈತ ಒಮ್ಮೆ ಕರೆದ: “ಸಾವ್ಕಾರ್ರೇ, ಕೈ ಕೊಡಿ.”

“ಇರಪ್ಪಾ, ಇವನಿಗೆ ಒಂದು ಮಾತು ಹೇಳಿ ಬರುತ್ತೇನೆ” ಎಂದ ವ್ಯಾಪಾರಿ.

ಒಂದು ಮಾತು ಹತ್ತಾಯಿತು. ಗೊರಸು, ಹೆಗಲು, ನಡಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಹೇಳಿದ್ದೆಲ್ಲ ಸರಿಯಾಗಿತ್ತು. ಕೂಗಿದವನು ತಲೆ ತಗ್ಗಿಸಿ ಹೋದ. ಜನ ಚಪ್ಪಾಳೆ ತಟ್ಟಿದರು.

ಆ ಮಾತುಗಳನ್ನು ನಿಂತು ಕೇಳಿದ ಪಕ್ಕದೂರಿನ ಎಣ್ಣೆಯವನು ಎತ್ತಿನ ಗೊರಸು ನೋಡಿದ. ಸುಮ್ಮನೆ ರೈತನ ಟವೆಲಿನ ಕೆಳಗೆ ಕೈಯಿಟ್ಟ. ತನ್ನ ಹಗ್ಗ ಕಟ್ಟಿ ಎತ್ತನ್ನು ಹೊಡೆದುಕೊಂಡು ಹೋದ.

ಸಂಜೆಗೆ ವ್ಯಾಪಾರಿ ಹಗ್ಗದೊಂದಿಗೆ ಮನೆಗೆ ಬಂದ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಎತ್ತು ಎಲ್ಲಿ?”

“ಎತ್ತು ಸಿಗಲಿಲ್ಲ. ಆದರೆ ಇಡೀ ಸಂತೆಯೇ ನನ್ನ ಮಾತಿಗೆ ತಲೆದೂಗಿತು ಕಣೇ.”

“ಒಳ್ಳೆಯದಾಯಿತು. ಮದುವೆ ಮನೆಯವರು ಚಪ್ಪಾಳೆಯಲ್ಲೇ ಹಪ್ಪಳ ಕರಿಯಲಿ” ಎಂದಳು. ಗಾಣದ ನೊಗದತ್ತ ಕೈ ತೋರಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಜೋಳಿಗೆಯಲ್ಲಿ ಫೋನು ಗುಂಯ್ ಎಂದಿತು. ಅವನ ಕೈ ಅತ್ತ ಸರಿದು ನಿಂತಿತು.

“ಆದರೂ ಭಂತೇ, ವ್ಯಾಪಾರಿ ಹೇಳಿದ್ದು ಸರಿಯಾಗಿಯೇ ಇತ್ತಲ್ಲ?”

“ಸರಿಯಾಗಿಯೇ ಇತ್ತು, ಅದಕ್ಕೇ ಅಂದು ರಾತ್ರಿ ಆ ಗಾಣ ಸುತ್ತಿದ್ದು ಇಡೀ ಸಂತೆಗೇ ಬುದ್ಧಿವಂತ ಎತ್ತು.”