ಹಸಿರು ಅಂಗಿಯ ಮೂರನೆಯವನು

"ಕೇಳ್ರಪ್ಪೋ ಕೇಳಿ! ಬೀಟೆಪುರದ ಧೀರಸೇನ ಮಹಾರಾಜರ ಮಗಳು ಹೇಮವಲ್ಲಿ ಅಮ್ಮಣ್ಣಿಯವರು ಮೂರು ಒಗಟು ಕೇಳ್ತಾರೆ. ಮೂರೂ ಬಿಡಿಸಿದವರಿಗೆ ಬಾಯಿಬಿಟ್ಟು ಕೇಳಿದ್ದು ಸಿಗುತ್ತೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಹೋಗುತ್ತೆ!"

ಹೀಗೆ ಡಂಗುರ ಬಿತ್ತು. ಬೀಟೆಪುರ ಮರಗೆಲಸದ ಊರು. ಅರಮನೆಯ ಹಿಂದೆಯೇ ಕಾರ್ಖಾನೆ, ಅಲ್ಲಿ ಕರೆಂಟಿನ ಗರಗಸ, ಕರೆಂಟಿನ ಡ್ರಿಲ್ಲು. ರಾಜರ ಕಾಲದಲ್ಲಿ ಕರೆಂಟೆಲ್ಲಿತ್ತು ಅಂತ ಮೂಗು ಮುರಿಯಬೇಡಿ. ಮಾತಾಡುವ ಗಿಳಿಯನ್ನು ನಂಬುತ್ತೀರಿ, ಇದನ್ನೂ ನಂಬಿ.

ಆ ಕಾರ್ಖಾನೆಯ ಹಿರಿಯ ಬಡಗಿ ಕಾಳಾಚಾರಿ. ಹೇಮವಲ್ಲಿ ಮಲಗಿದ ತೊಟ್ಟಿಲು ಮಾಡಿದವನೂ ಅವನೇ. ಹದಿನೈದು ದಿನದ ಹಿಂದೆ ಗರಗಸ ಹಿಡಿದಂತೆಯೇ ಶಾಕ್ ಹೊಡೆದು ಸತ್ತಿದ್ದ. ಆಗ ಹದಿನಾಲ್ಕು ಮಂದಿ ಕೆಲಸಗಾರರೂ ಊಟಕ್ಕೆ ಕೂತಿದ್ದರು. ತಪ್ಪು ಯಾರದು ಅಂತ ರಾಜ ಕೇಳಿದರೆ ಒಬ್ಬರೂ ತುಟಿಪಿಟಕ್ ಅನ್ನಲಿಲ್ಲ.

ಮಾನಪ್ಪನೂ ಅನ್ನಲಿಲ್ಲ. ಅವನು ಕಾಳಾಚಾರಿಯ ಶಿಷ್ಯ. ತಂದೆತಾಯಿ ಇಲ್ಲದ ಅವನು ಹೊಟ್ಟೆತುಂಬ ಉಂಡದ್ದೇ ಗುರುವಿನ ಮನೆಯಲ್ಲಿ. ಈಗ ಆ ಮನೆಯ ಬೀದಿಗೂ ಕಾಲಿಡುತ್ತಿರಲಿಲ್ಲ.

ಮೊದಲು ಬಂದವನು ಪಕ್ಕದ ರಾಜ್ಯದ ರಾಜಕುಮಾರ ರಣಕೇತು. ಮೀಸೆ ತಿರುವಿಕೊಂಡು, ಗೆದ್ದರೆ ಹೇಮವಲ್ಲಿಯನ್ನೇ ಕೇಳುವ ಹುಮ್ಮಸ್ಸಿನಲ್ಲಿ ನಿಂತ. ಹೇಮವಲ್ಲಿ ಕೇಳಿದಳು: "ಮೂವರು ಅಣ್ಣತಮ್ಮಂದಿರು. ಇಬ್ಬರು ಹಗಲಿಡೀ ದುಡಿಯುತ್ತಾರೆ. ಹಸಿರು ಅಂಗಿಯ ಮೂರನೆಯವನು ಮಣ್ಣಲ್ಲಿ ಕಾಲಿಟ್ಟು ಸುಮ್ಮನಿರುತ್ತಾನೆ, ನೀರು ಬಿಟ್ಟು ಏನೂ ಕೇಳುವುದಿಲ್ಲ. ಸೋಮಾರಿ ಅಂತ ಅವನನ್ನು ಹೊರಗೆ ಹಾಕಿದರೆ ಒಡೆಯನ ಜೀವ ಹೋಗುತ್ತದೆ. ಯಾರವನು?"

"ಮರ! ಇಷ್ಟೇನಾ?" ಅಂದ ರಣಕೇತು. ಭಟರು ಅವನನ್ನು ಸೆರೆಗೆ ಎಳೆದೊಯ್ದರು.

ಆಮೇಲೆ ಬಂದವರು ವೃಷಭ ಪಂಡಿತರು. ಮೂರು ದಿನ ಗ್ರಂಥ ಮಗುಚಿ ಮೊದಲನೆಯದನ್ನು ಬಿಡಿಸಿಯೇ ಬಂದಿದ್ದರು. "ಅರ್ಥ್ ವೈರು!" ಅಂದರು. ಸಭೆ ಹೋ ಎಂದಿತು. ಹೇಮವಲ್ಲಿ ಎರಡನೆಯದು ಕೇಳಿದಳು: "ಮೈಚಾಚಿ ಮಲಗಿಸಿ ಕೆಲಸ ಹೇಳಿದರೆ ತಣ್ಣಗಿರುತ್ತದೆ. ಸುರುಳಿ ಸುತ್ತಿ ಕೂರಿಸಿ ಅದೇ ಕೆಲಸ ಹೇಳಿದರೆ ಒಳಗೊಳಗೇ ಬೆಂದುಹೋಗುತ್ತದೆ. ಹಾವಲ್ಲ. ಏನದು?"

"ಕುಂಡಲಿನಿ ಶಕ್ತಿ!" ಅಂದರು ಪಂಡಿತರು, ಕಣ್ಣು ಮುಚ್ಚಿ, ಬಲು ಭಕ್ತಿಯಿಂದ. ಅಯ್ಯೋ ಪಾಪ, ಕಣ್ಣು ಬಿಡುವಷ್ಟರಲ್ಲಿ ಭಟರು ರಟ್ಟೆ ಹಿಡಿದಿದ್ದರು.

ಮಾನಪ್ಪ ಕಂಬದ ಮರೆಯಿಂದ ಎಲ್ಲ ನೋಡುತ್ತಿದ್ದ. ಎರಡೂ ಉತ್ತರ ಅವನಿಗೆ ಗೊತ್ತಿತ್ತು. ಬಾಯಿಬಿಟ್ಟರೆ ಉತ್ತರದ ಜೊತೆಗೆ ತನ್ನ ತಪ್ಪೂ ಹೊರಬೀಳುತ್ತದೆ ಅಂತ ಹಲ್ಲು ಕಚ್ಚಿ ನಿಂತಿದ್ದ. ಪಂಡಿತರ ಹೆಂಡತಿ ಸೆರೆಮನೆಯ ಬಾಗಿಲಲ್ಲಿ ಬುತ್ತಿ ಹಿಡಿದು ಅಳುತ್ತಾ ಕೂತಳು. ಅಮಾವಾಸ್ಯೆಗೆ ಎರಡೇ ದಿನ. ಗುರುವನ್ನು ನುಂಗಿದೆ, ಈಗ ಇನ್ನಿಬ್ಬರನ್ನೂ ನುಂಗುತ್ತೀಯೇನೋ ಪಾಪಿ, ಅಂತ ತನ್ನನ್ನೇ ಬೈದುಕೊಂಡ. ಮರುದಿನ ಬೆಳಿಗ್ಗೆ ಮೈಮೇಲಿನ ಮರದ ಹೊಟ್ಟನ್ನೂ ಕೊಡವದೆ ಸಭೆಗೆ ನಡೆದ.

"ಮೊದಲನೆಯದು ಅರ್ಥ್ ವೈರೇ, ಅಮ್ಮಣ್ಣಿ," ಅಂದ ಮಾನಪ್ಪ. "ಕರೆಂಟು ಹೊರೋ ಎರಡು ವೈರು ಅಣ್ಣಂದಿರು, ಹಸಿರು ವೈರು ಮೂರನೆಯವನು. ಗರಗಸದ ಒಳಗೆ ವೈರು ಸವೆದು ಕರೆಂಟು ಕಬ್ಬಿಣದ ಮೈಗೆ ಬಂದರೆ, ಅದನ್ನು ಮಣ್ಣಿಗೆ ಇಳಿಸೋನು ಅವನು. ಆಗ ಫ್ಯೂಸು ಹಾರಿ ಜೀವ ಉಳಿಯುತ್ತೆ. ಅವನ ಕಾಲಿರೋ ಗುಂಡಿಗೆ ಉಪ್ಪು, ಇದ್ದಿಲು ಹಾಕಿರ್ತಾರೆ. ಒಣಗಬಾರದು ಅಂತ ನಮ್ಮ ಗುರುಗಳು ದಿನಾ ಒಂದು ಕೊಡ ನೀರು ಹುಯ್ಯೋರು. ಮಣ್ಣಿಗೆ ಯಾಕೆ ನೀರು ಅಂತ ನಾವು ನಗ್ತಿದ್ವಿ."

"ಎರಡನೆಯದು?"

"ಗರಗಸಕ್ಕೆ ಕರೆಂಟು ಎಳೆಯೋ ಉದ್ದದ ಎಕ್ಸ್‌ಟೆನ್ಶನ್ ವೈರು. ಪೂರ್ತಿ ಬಿಚ್ಚಿ ಹಾಸಬೇಕು. ಸುತ್ತಿಟ್ಟೇ ಭಾರದ ಗರಗಸ ಓಡಿಸಿದರೆ ಬಿಸಿಯೇರಿ ರಬ್ಬರು ಕರಗುತ್ತೆ."

ಹೇಮವಲ್ಲಿ ಸಿಂಹಾಸನದ ಮೆಟ್ಟಿಲು ಇಳಿದು ಎದುರಿಗೆ ಬಂದಳು. "ಗರಗಸ ಹಿಡಿದ ಕೈ ಸತ್ತಿತು. ಕೊಂದ ಕೈ ಆ ಹೊತ್ತಿಗೆ ಊಟ ಮಾಡುತ್ತಿತ್ತು. ಅದು ಯಾರ ಕೈ?"

ಮಾನಪ್ಪ ಬಲಗೈ ಮುಂದೆ ಚಾಚಿದ.

"ಇದೇ ಕೈ ತಾಯಿ. ಅವತ್ತು ಗರಗಸದ ಪ್ಲಗ್ಗು ಒಡೆದಿತ್ತು. ಬೇರೆ ತರೋಕೆ ಬೇಸರ, ಹೊಟ್ಟೆ ಬೇರೆ ಹಸಿದಿತ್ತು. ಎರಡು ವೈರನ್ನ ತೂತಿಗೆ ತುರುಕಿ, ಬೀಳದಂಗೆ ಬೆಂಕಿಕಡ್ಡಿ ಚುಚ್ಚಿದೆ. ಹಸಿರುದನ್ನ ಮಡಚಿ ಟೇಪು ಸುತ್ತಿಬಿಟ್ಟೆ. ಮಳೆಗೆ ನೆಲ ಒದ್ದೆಯಾಗಿತ್ತು, ಗುರುಗಳು ಬರಿಗಾಲಲ್ಲಿದ್ದರು. 'ಮೂರನೆಯದು ಹಾಕಿದ್ದೀಯೇನೋ ಮಗಾ?' ಅಂತ ಕೇಳಿದರು. 'ಹಾಕಿದೀನಿ ಗುರುಗಳೇ' ಅಂದು ಉಣ್ಣೋಕೆ ಹೋದೆ." ಅಷ್ಟು ಹೇಳಿ ಕುಸಿದು ಕೂತು ಗೊಳೋ ಎಂದು ಅತ್ತ.

ರಾಜನ ಕೈ ಕತ್ತಿಗೆ ಹೋಯಿತು. "ಅಪ್ಪಾಜಿ, ಮಾತು ಕೊಟ್ಟಿದ್ದೇವೆ," ಅಂದಳು ಹೇಮವಲ್ಲಿ. ಅವಳ ಕಣ್ಣಲ್ಲೂ ನೀರಿತ್ತು. "ಏನು ಬೇಕೋ ಕೇಳು."

"ಸೆರೆಯಲ್ಲಿರೋ ಇಬ್ಬರನ್ನೂ ಬಿಡಿ. ಆಮೇಲೆ ನನ್ನ ತಲೆ ತಗೊಳ್ಳಿ."

"ಅವರನ್ನು ಬಿಟ್ಟೆ. ಮೂರೂ ಬಿಡಿಸಿದವನ ತಲೆ ತೆಗೆಯೋ ಮಾತು ಡಂಗುರದಲ್ಲಿಲ್ಲ. ಕಾರ್ಖಾನೆ ಇವತ್ತಿಂದ ನಿನ್ನದು. ಕಾಳಾಚಾರಿಯ ಕೊಡ ಬಾಗಿಲಲ್ಲೇ ಇದೆ. ಅವರು ಕೇಳುತ್ತಿದ್ದ ಮಾತನ್ನು ಇನ್ನು ಮೇಲೆ ನೀನು ಕೇಳು."

ಜನ ಜೈಕಾರ ಹಾಕಿದರು. ಬಡವನಿಗೆ ಎಂಥ ಅದೃಷ್ಟ ಅಂದರು. ಮಾನಪ್ಪ ತಲೆ ಎತ್ತಲೇ ಇಲ್ಲ.

ಅವತ್ತಿನಿಂದ ಅವನು ದಿನಾ ಬೆಳಿಗ್ಗೆ ಆ ಗುಂಡಿಗೆ ಒಂದು ಕೊಡ ನೀರು ಹುಯ್ಯುತ್ತಾನೆ. ಎಳ್ಳುನೀರು ಬಿಟ್ಟ ಹಾಗೆ, ನಿಧಾನವಾಗಿ. ಆಮೇಲೆ ಒಬ್ಬೊಬ್ಬರ ಹತ್ತಿರವೂ ಹೋಗಿ ಕೇಳುತ್ತಾನೆ: "ಮೂರನೆಯದು ಹಾಕಿದ್ದೀಯೇನೋ?"

"ಹಾಕಿದೀನಿ ಗುರುಗಳೇ," ಅನ್ನುತ್ತಾರೆ. ಮಾನಪ್ಪ ಸ್ಕ್ರೂಡ್ರೈವರ್ ತೆಗೆದು ಪ್ಲಗ್ಗು ಬಿಚ್ಚಿ, ಹಸಿರು ವೈರನ್ನು ಕೈಯಾರೆ ಎಳೆದು ನೋಡುತ್ತಾನೆ. "ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಅಂತ ಅವರು ಗೊಣಗುತ್ತಾರೆ.

ಕಾಳಾಚಾರಿ ನಂಬಿದ್ದ.